ಚಾರ್ಟ್‌ನಲ್ಲಿ ಎಲ್ಲಾ ಸರಿ ಇದೆ, ಮಾಲು ಮಾತ್ರ ವಾಪಸ್ ಬರುತ್ತಿದೆ!

ಲೇತ್‌ಮನೆ:
ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಶೆಡ್. ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್ ಇವೆ. 25 ಎಚ್7 ಶಾಫ್ಟ್ ಮಾಡುತ್ತೇವೆ, ಅಂದ್ರೆ ವ್ಯಾಸ 24.979ರಿಂದ 25.000 ಮಿ.ಮೀ. ಒಳಗಿರಬೇಕು. ಗಂಟೆಗೊಮ್ಮೆ ಸಾಲಾಗಿ ಐದು ಪೀಸ್ ಅಳೆದು, ಸರಾಸರಿಗೆ ಕಂಟ್ರೋಲ್ ಚಾರ್ಟ್‌ನಲ್ಲಿ ಚುಕ್ಕೆ ಇಡುತ್ತೇವೆ. ಡ್ರಾಯಿಂಗ್‌ನ ಎರಡು ಅಳತೆಗೂ ಕೆಂಪು ಗೆರೆ ಎಳೆದಿದ್ದೇನೆ. ಒಂದು ಚುಕ್ಕೆಯೂ ಗೆರೆ ದಾಟಿಲ್ಲ. ಆದರೂ ಕಳೆದ ವಾರ ಗಿರಾಕಿ ಒಂದು ಕ್ರೇಟ್ ವಾಪಸ್ ಕಳಿಸಿದರು. ಈ ಚಾರ್ಟ್ ಏನು, ಗೋಡೆ ಅಲಂಕಾರಕ್ಕಾ?

ಗೇಜ್‌ರೂಮ್:
ಮೊದಲು ಮೈಕ್ರೋಮೀಟರ್ ಯಾವುದು ಹೇಳಿ. 21 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಟಾಲರೆನ್ಸನ್ನು, ಅಂದ್ರೆ ಡ್ರಾಯಿಂಗ್ ಬಿಟ್ಟಿರುವ ಏರುಪೇರನ್ನು, 10 ಮೈಕ್ರಾನ್ ಗೆರೆಯ ಮೈಕ್ರೋಮೀಟರ್‌ನಲ್ಲಿ ಅಳೆದರೆ ಸುಮ್ನೆ ಅಂದಾಜು ಅಷ್ಟೇ.

ಲೇತ್‌ಮನೆ:
ಡಿಜಿಟಲ್, 1 ಮೈಕ್ರಾನ್.

ಹಳೇ ಇನ್ಸ್‌ಪೆಕ್ಟರ್:
ಗೆರೆಯಲ್ಲೇ ಎಡವಟ್ಟಾಗಿದೆ. ಡ್ರಾಯಿಂಗ್ ಮಿತಿ ಒಂದೊಂದು ಪೀಸಿಗೆ. ನೀವು ಇಡುತ್ತಿರುವುದು ಐದರ ಸರಾಸರಿ. ಒಂದು ಪೀಸ್ 25.003, ಇನ್ನೊಂದು 24.981 ಬಂದರೂ ಸರಾಸರಿ ಮಧ್ಯದಲ್ಲಿ ಜಾಣನ ಹಾಗೆ ಕೂತಿರುತ್ತದೆ. ಅಮೆರಿಕದ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ 1924ರಲ್ಲಿ ಒಂದೇ ಹಾಳೆಯಲ್ಲಿ ಬರೆದುಕೊಟ್ಟ ಈ ಚಾರ್ಟ್ ಪೀಸ್ ಪಾಸಾ ಫೇಲಾ ಅಂತ ಹೇಳುವುದಿಲ್ಲ. ಮಷೀನ್‌ಗೆ ಯಾವಾಗ ಕೈ ಹಾಕಬೇಕು, ಯಾವಾಗ ಬಿಡಬೇಕು ಅಂತ ಹೇಳುತ್ತದೆ. ಗೆರೆ ನಿಮ್ಮ ಅಳತೆಗಳಿಂದಲೇ ಬರಬೇಕು. ಐದರ ಗುಂಪಿಗೆ ಸರಾಸರಿ ರೇಂಜನ್ನು (ರೇಂಜ್ ಅಂದ್ರೆ ಗುಂಪಿನ ದೊಡ್ಡ, ಚಿಕ್ಕ ಅಳತೆಗಳ ವ್ಯತ್ಯಾಸ) 0.577ರಿಂದ ಗುಣಿಸಿ, ಒಟ್ಟು ಸರಾಸರಿಗೆ ಕೂಡಿಸಿ, ಕಳೆಯಿರಿ. ನಿಮ್ಮ ರೇಂಜ್ ಎಷ್ಟು? ಆಪರೇಟರ್ ಪ್ರತಿ ಪೀಸಿಗೂ ಆಫ್‌ಸೆಟ್ (ಟೂಲ್ ಜಾಗದ ತಿದ್ದುಪಡಿ) ಮುಟ್ಟುತ್ತಾನಾ?

ಲೇತ್‌ಮನೆ:
ಸರಾಸರಿ ರೇಂಜ್ 10 ಮೈಕ್ರಾನ್. ಹ್ಞೂಂ, ಮುಟ್ಟುತ್ತಾನೆ. 4 ಮೈಕ್ರಾನ್ ಜಾಸ್ತಿ ಬಂದರೆ 4 ಇಳಿಸುತ್ತಾನೆ. ತುಂಬಾ ಜಾಗ್ರತೆ ಹುಡುಗ.

ಹಳೇ ಇನ್ಸ್‌ಪೆಕ್ಟರ್:
ಆ ಜಾಗ್ರತೆಯೇ ಮುಳುವು. ಆ 4 ಮೈಕ್ರಾನ್ ಮಷೀನಿನ ಮಾಮೂಲಿ ಅಲುಗಾಟ. ಮುಂದಿನ ಪೀಸ್ ತಾನಾಗಿಯೇ ಮಧ್ಯಕ್ಕೆ ಬರುತ್ತಿತ್ತೇನೋ, ಇವನು ಇಳಿಸಿದ್ದಕ್ಕೆ ಆ ಕಡೆ ಹೋಯಿತು. ಹೀಗೆ ಪ್ರತಿ ಸಲ ತಿದ್ದುತ್ತಾ ಹೋದರೆ ಹರಡುವಿಕೆ ಸುಮಾರು 1.4 ಪಟ್ಟು ಆಗುತ್ತದೆ. ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಮಾಡುತ್ತಿದ್ದೆ, ಸೂಪರ್‌ವೈಸರ್ ನನ್ನ ಕೈ ಮೇಲೆ ಸ್ಕೇಲಿನಿಂದ ಹೊಡೆದಿದ್ದರು. ಒಂದು ಶಿಫ್ಟ್ ಆಫ್‌ಸೆಟ್ ಮುಟ್ಟದೆ ಓಡಿಸಿ ನೋಡಿ. ಗುಂಪಿನ ಸರಾಸರಿ ಗೆರೆ ದಾಟಿದರೆ ಮಾತ್ರ ನಿಲ್ಲಿಸಿ, ಕಾರಣ ಹುಡುಕಿ.

ಲೇತ್‌ಮನೆ (ಮೂರು ದಿನ ಬಿಟ್ಟು):
ಹುಡುಗನಿಗೆ ಕೈ ಕಟ್ಟಿ ನಿಲ್ಲುವುದೇ ಕಷ್ಟವಾಯಿತು ಪಾಪ. ಆದರೆ ರೇಂಜ್ 7ಕ್ಕೆ ಇಳಿಯಿತು! ಹೊಸ ಗೆರೆ 24.986 ಮತ್ತು 24.994. ಸಿಪಿ (ಟಾಲರೆನ್ಸನ್ನು ಮಷೀನಿನ ಹರಡುವಿಕೆಯಿಂದ ಭಾಗಿಸಿದ ಅಂಕಿ, ಹೆಚ್ಚಿದ್ದಷ್ಟೂ ಒಳ್ಳೆಯದು) 0.81 ಇದ್ದದ್ದು 1.16 ಆಗಿದೆ. ಗಿರಾಕಿ ಕೇಳುವುದು 1.33, ಇನ್ನೂ ದೂರ ಇದೆ. ಇನ್ನೊಂದು ವಿಷಯ: ಬೆಳಿಗ್ಗೆ ಮೊದಲ ಚುಕ್ಕೆ ಮೂರು ದಿನವೂ ಮೇಲಿನ ಗೆರೆ ದಾಟಿತು, ಆಮೇಲೆ ಎಲ್ಲಾ ಒಳಗೆ.

ಹಳೇ ಇನ್ಸ್‌ಪೆಕ್ಟರ್:
ಪೀಸ್ ತಿರುಗಿಸುವ ಸ್ಪಿಂಡಲ್ ತಣ್ಣಗಿರುವುದೇ ಕಾರಣ ಇರಬೇಕು. ನಾಳೆ ಅರ್ಧ ಗಂಟೆ ಖಾಲಿ ಓಡಿಸಿ ಶುರು ಮಾಡಿ, ಮೊದಲ ಚುಕ್ಕೆ ಎಲ್ಲಿ ಬಿತ್ತು ಅಂತ ಇಲ್ಲೇ ಹಾಕಿ.