18 ನಿಮಿಷದ ಕಿರುಚಿತ್ರ ಮುಗಿದಿದೆ, ಮೊದಲು ಯಾರಿಗೆ ತೋರಿಸೋಣ?

ಪ್ರಶ್ನೆ: ನಾವು ಐದು ಜನ ಗೆಳೆಯರು ಸೇರಿ 18 ನಿಮಿಷದ ಕಿರುಚಿತ್ರ ಮಾಡಿದ್ದೇವೆ. ಶಿರಸಿ ಹತ್ತಿರದ ಹಳ್ಳಿಯೊಂದರಲ್ಲಿ ಶೂಟಿಂಗ್. ಅಡಿಕೆ ಸುಲಿಯುವ ಹೆಂಗಸರ ಒಂದು ರಾತ್ರಿಯ ಕಥೆ. ಎಡಿಟಿಂಗ್, ಸೌಂಡ್ ಎಲ್ಲ ಆಗಿದೆ. ಹೆಸರು ಮಾಡಿದ ನಟರಿಲ್ಲ. ಕೈಯಲ್ಲಿ ಉಳಿದಿರುವುದು 12 ಸಾವಿರ ರೂಪಾಯಿ. ಮುಂದಿನ ವಾರವೇ ಯೂಟ್ಯೂಬ್‌ಗೆ ಹಾಕೋಣ ಅಂತ ಮೂವರು, ಬೇಡ ಅಂತ ಇಬ್ಬರು. ಇದೇ ದಾರಿಯಲ್ಲಿ ಹೋದವರು ನಿಮ್ಮ ಅನುಭವ ಹೇಳ್ತೀರಾ?

ಮೊದಲ ಉತ್ತರ:

ಬೇಡ ಅಂದ ಆ ಇಬ್ಬರ ಮಾತು ಕೇಳಿ. ಯೂಟ್ಯೂಬ್ ಬೇಡವೇ ಬೇಡ ಅಂತಲ್ಲ, ಈಗಲೇ ಬೇಡ.

ನನ್ನದು ನೈಟ್ ಹಾಲ್ಟ್ ಬಸ್ಸಿನ ಡ್ರೈವರ್, ಕಂಡಕ್ಟರ್ ಕಥೆ. 22 ನಿಮಿಷ. ಮಿಕ್ಸಿಂಗ್ ಮುಗಿದ ರಾತ್ರಿಯೇ ಅಪ್‌ಲೋಡ್ ಮಾಡಿದೆ, ತಡೆದುಕೊಳ್ಳಲು ಆಗಲಿಲ್ಲ. ಒಂದು ವಾರಕ್ಕೆ 600 ಚಿಲ್ಲರೆ ವ್ಯೂಸ್ ಬಂತು. ಯಾರು ಎಷ್ಟು ಹೊತ್ತು ನೋಡಿದರು ಅನ್ನುವ ಯೂಟ್ಯೂಬ್ ಲೆಕ್ಕ ತೆಗೆದು ನೋಡಿದರೆ, ಹೆಚ್ಚಿನವರು ಎರಡನೇ ನಿಮಿಷಕ್ಕೇ ಬಿಟ್ಟು ಹೋಗಿದ್ದರು. ನನ್ನ ಚಿತ್ರ ನಿಧಾನ. ಅದರ ಅರ್ಧ ಜೀವ ಇರುವುದು ರಾತ್ರಿಯ ಸದ್ದಿನಲ್ಲಿ. ಊಟ ಮಾಡುತ್ತಾ ಫೋನಿನಲ್ಲಿ ನೋಡಿದವರಿಗೆ ಅದು ಕೇಳಿಸಿಯೇ ಇಲ್ಲ. ಅದು ಅವರ ತಪ್ಪಲ್ಲ. ನಾನು ತೋರಿಸಿದ ಜಾಗ ಸರಿ ಇರಲಿಲ್ಲ. ಆಮೇಲೆ ಚಿತ್ರೋತ್ಸವಗಳಿಗೆ ಕಳಿಸಲು ಕೂತಾಗ ಇನ್ನೊಂದು ಗೊತ್ತಾಯಿತು. ಆನ್‌ಲೈನ್‌ನಲ್ಲಿ ಆಗಲೇ ಬಂದಿರುವ ಚಿತ್ರವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದೇ ಇಲ್ಲ. ಎಲ್ಲವೂ ಹಾಗಲ್ಲ, ಆದರೆ ನಾನು ಆಸೆಪಟ್ಟ ಎರಡು ಹಾಗೇ ಇದ್ದವು.

ಬೇಜಾರಿನಲ್ಲಿ ಇದ್ದಾಗ ಶೂಟಿಂಗ್ ಮಾಡಿದ ಊರಿಂದ ಫೋನ್. "ನಮ್ಗೆ ಯಾವಾಗ ತೋರಿಸ್ತೀರಿ?" ಅಂತ. ನಾಚಿಕೆಯಾಯಿತು. ಅವರ ಮನೆಯಲ್ಲಿ ಊಟ ಮಾಡಿ ತೆಗೆದ ಚಿತ್ರ, ಅವರಿಗೇ ತೋರಿಸಿರಲಿಲ್ಲ ನೋಡಿ. ಶಾಲೆಯ ಅಂಗಳದಲ್ಲಿ ಇಟ್ಟುಕೊಂಡೆವು. ಪ್ರೊಜೆಕ್ಟರ್ ಮೇಷ್ಟ್ರು ಕೊಟ್ಟರು. ಶಾಮಿಯಾನದವರಿಂದ ಸ್ಪೀಕರ್. ಎರಡು ಬಿಳಿ ಪಂಚೆ ಸೇರಿಸಿ ಹೊಲಿಸಿದ್ದು ಪರದೆ. ಎಲ್ಲ ಸೇರಿ 2,300 ರೂಪಾಯಿ ಖರ್ಚು. ಸುಮಾರು 140 ಜನ ಬಂದಿದ್ದರು.

ಚಿತ್ರದಲ್ಲಿ ಒಂದು ಕಡೆ ಕಂಡಕ್ಟರ್ ಕಲೆಕ್ಷನ್ ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಬೆಂಗಳೂರಿನ ಗೆಳೆಯರು ಅದನ್ನು ಸುಮ್ನೆ ನೋಡಿದ್ದರು. ಇಲ್ಲಿ ಇಡೀ ಅಂಗಳ ನಕ್ಕಿತು. ಅದೇ ನಗುವಿನ ಹಿಂದೆಯೇ ಅವನು ಮನೆಗೆ ಫೋನ್ ಮಾಡುವ ದೃಶ್ಯ ಬಂದಾಗ ಮಕ್ಕಳೂ ಮಾತಾಡಲಿಲ್ಲ. ನಾನು ಪರದೆ ನೋಡಲಿಲ್ಲ, ಪಕ್ಕದಲ್ಲಿ ನಿಂತು ಜನರ ಮುಖ ನೋಡಿದೆ. ಹನ್ನೊಂದನೇ ನಿಮಿಷದಲ್ಲಿ ಎಲ್ಲರೂ ಕಾಲು ಬದಲಾಯಿಸಿದರು. ಮನೆಗೆ ಬಂದು ಅಲ್ಲಿ 40 ಸೆಕೆಂಡ್ ಕತ್ತರಿಸಿದೆ.

ಅವತ್ತು ಒಬ್ಬ ರಿಟೈರ್ಡ್ ಡ್ರೈವರ್ ಬಂದಿದ್ದರು. ಅವರೇ ಪಕ್ಕದ ಊರಿಗೆ ಕರೆಸಿದರು, ಅಲ್ಲಿಂದ ನೌಕರರ ಸಂಘದವರು, ಅಲ್ಲಿಂದ ಒಂದು ಕಾಲೇಜು. ಒಂದೂವರೆ ವರ್ಷದಲ್ಲಿ 14 ಕಡೆ ತೋರಿಸಿದೆವು. ತಲೆ ಎಣಿಸಿದರೆ 900 ಜನ ಆಗಬಹುದು. ಸಂಖ್ಯೆ ಸಣ್ಣದು, ಆದರೆ ಇವರು ಕೊನೆವರೆಗೆ ಕೂತವರು. ನಮ್ಮ ಕಡೆಗೆ ಇದು ಹೊಸದೂ ಅಲ್ಲ. ನಿಮ್ಮ ಪಕ್ಕದ ಹೆಗ್ಗೋಡಿನಲ್ಲೇ ನೀನಾಸಂನವರು 1973ರಲ್ಲಿ ಚಿತ್ರಸಮಾಜ ಕಟ್ಟಿ, ಹೊರದೇಶದ ಚಿತ್ರಗಳನ್ನೂ ಹಳ್ಳಿಯವರಿಗೆ ತೋರಿಸಿದ್ದಾರೆ. ಆ ನೆಲದಲ್ಲಿ ನಿಮ್ಮ ಚಿತ್ರಕ್ಕೆ ಜನ ಸಿಗದೇ ಇರ್ತಾರಾ?

ಎರಡನೇ ಉತ್ತರ:

ಮೇಲಿನ ಮಾತು ಒಪ್ಪುತ್ತೇನೆ. ನಾನು ಆ 12 ಸಾವಿರದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನಾನು ಅದಕ್ಕಿಂತ ಜಾಸ್ತಿ ಕಳೆದುಕೊಂಡಿದ್ದೇನೆ.

ಉತ್ಸವಗಳಿಗೆ ಚಿತ್ರ ಕಳಿಸುವ ವೆಬ್‌ಸೈಟ್ ಫಿಲ್ಮ್‌ಫ್ರೀವೇಯಲ್ಲಿ ಸಾವಿರಾರು ಉತ್ಸವಗಳಿವೆ. ಸಿಕ್ಕಸಿಕ್ಕದ್ದಕ್ಕೆಲ್ಲ ಫೀಸು ಕಟ್ಟಿದೆ. ಐದು ಪ್ರಶಸ್ತಿ ಬಂತು, ಪೋಸ್ಟರ್ ತುಂಬ ಉತ್ಸವಗಳು ಕೊಡುವ ಎಲೆಬಳ್ಳಿಯ ಗುರುತು. ಆಮೇಲೆ ವಿಚಾರಿಸಿದರೆ ಆ ಐದರಲ್ಲಿ ಒಂದೂ ಯಾವ ಹಾಲ್‌ನಲ್ಲೂ ಚಿತ್ರ ತೋರಿಸಿರಲಿಲ್ಲ. ಪ್ರತಿ ತಿಂಗಳೂ ಪ್ರಶಸ್ತಿ ಕೊಡುವವರನ್ನು ಬಿಟ್ಟುಬಿಡಿ. ಹೋದ ವರ್ಷದ ಫೋಟೋ ನೋಡಿ. ಕುರ್ಚಿಗಳ ಮೇಲೆ ಜನ ಕೂತಿದ್ದಾರಾ? ಅಷ್ಟು ಸಾಕು.

ನನ್ನ ಪ್ರಕಾರ ಮೂರು ನಾಲ್ಕು ಕಡೆ ಕಳಿಸಿ, ಬೇಗ ಕಳಿಸಿ. ತಡವಾದಷ್ಟೂ ಫೀಸು ಏರುತ್ತದೆ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ 2010ರಿಂದ ನಡೆಯುತ್ತಿದೆ. ಕಿರುಚಿತ್ರ, ಸಾಕ್ಷ್ಯಚಿತ್ರಗಳಿಗೆ ಅಂತಲೇ ಮುಂಬೈಯಲ್ಲಿ ಎರಡು ವರ್ಷಕ್ಕೊಮ್ಮೆ 'ಮಿಫ್' ಉತ್ಸವ ಇದೆ. ನನಗೆ ಎಲ್ಲಕ್ಕಿಂತ ಇಷ್ಟ ತಿರುವನಂತಪುರದ್ದು, ಕೇರಳ ಚಲಚಿತ್ರ ಅಕಾಡೆಮಿ ನಡೆಸುವ 'ಐಡಿಎಸ್‌ಎಫ್‌ಎಫ್‌ಕೆ'. ಕಾಲೇಜು ಹುಡುಗರು ಕ್ಯೂ ನಿಂತು ಒಳಗೆ ಬರುತ್ತಾರೆ, ಹೊರಗೆ ಚಹಾದ ಹತ್ತಿರ ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ರಾಷ್ಟ್ರ ಪ್ರಶಸ್ತಿಗೆ ಕಳಿಸುವ ಆಸೆ ಇದ್ದರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಮೊದಲೇ ಹಣ ಎತ್ತಿಡಿ.

ಉಳಿದದ್ದನ್ನು ಸಬ್‌ಟೈಟಲ್‌ಗೆ ಹಾಕಿ. ಇಲ್ಲಿ ಜಿಪುಣತನ ಬೇಡ. ನಿಮ್ಮ ಹೆಂಗಸರು ಶಿರಸಿ ಕಡೆಯ ಮಾತು ಆಡ್ತಾರೆ ಅಲ್ವಾ? ಆ ಮಾತು ಗೊತ್ತಿರುವವರೇ ಕೂತು ಇಂಗ್ಲಿಷ್ ಮಾಡಬೇಕು. ನಾನು ಮೊದಲ ಸಲ ಯಾರಿಂದಲೋ ಮಾಡಿಸಿದ್ದೆ. ನಗಿಸಬೇಕಾದ ಸಾಲು ಬೈಗುಳ ಆಗಿತ್ತು. ಭಾಷೆ ಅಡ್ಡಿ ಅಂತ ಮಾತ್ರ ಹೆದರಬೇಡಿ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷದ ಕನ್ನಡ ಚಿತ್ರ.

ಇನ್ನೊಂದು. ಸುಲಿಯುವ ಜಾಗದಲ್ಲಿ ರೇಡಿಯೋದಲ್ಲಿ ಸಿನಿಮಾ ಹಾಡು ಬರುತ್ತಿದ್ದರೆ, ಹಕ್ಕು ಪಡೆಯಿರಿ, ಇಲ್ಲ ತೆಗೆಯಿರಿ. ಈಗ ತೆಗೆಯುವುದು ಒಂದು ದಿನದ ಕೆಲಸ.

ಮೂರನೇ ಉತ್ತರ:

ನಾನು ಸಿನಿಮಾದವಳಲ್ಲ, ಸಿದ್ದಾಪುರದವಳು. ಇಪ್ಪತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದಿದ್ದೇನೆ. ನಮ್ಮ ಬಗ್ಗೆ ಚಿತ್ರ ಮಾಡಿದ್ದೀರಿ ಅಂತ ಓದಿ ಖುಷಿಯಾಯಿತು.

ಊರಲ್ಲಿ ತೋರಿಸುವುದಾದರೆ ಕೊಯ್ಲಿನ ಹೊತ್ತಿಗೆ ಪ್ರದರ್ಶನ ಇಡಬೇಡಿ ತಮ್ಮಾ. ಆಗ ರಾತ್ರಿ ಹತ್ತಾದರೂ ನಾವು ಏಳುವುದಿಲ್ಲ, ಎಷ್ಟು ಸುಲಿದರೆ ಅಷ್ಟು ಕೂಲಿ. ಸುಲಿತ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಇಡಿ. ಸಂಜೆ ಏಳಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸಿ, ಮನೆಗೆ ಹೋಗಿ ಅಡಿಗೆ ಮಾಡಬೇಕು. ಸ್ವಸಹಾಯ ಸಂಘದ ವಾರದ ಸಭೆ ದಿನ ಆದರೆ ಯಾರನ್ನೂ ಕರೆಯುವುದೇ ಬೇಡ, ಎಲ್ಲರೂ ಅಲ್ಲೇ ಇರುತ್ತಾರೆ. ಗಂಡಸರ ಜೊತೆ ಬೆರೆಸಿ ಕೂರಿಸಿದರೆ ನಮ್ಮವರು ಬಾಯಿ ಬಿಡುವುದಿಲ್ಲ. ಒಂದು ಪ್ರದರ್ಶನ ನಮಗೇ ಅಂತ ಇಡಿ. ಮುಗಿದ ತಕ್ಷಣ ದೀಪ ಹಾಕಿ "ಹೇಗಿತ್ತು" ಅಂತ ಕೇಳಬೇಡಿ. ಚಹಾ ಕೊಡಿ. ಮಾತು ತಾನಾಗಿ ಬರುತ್ತದೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಐದೂ ಜನ ಕೂತು ಓದಿದೆವು. ಯೂಟ್ಯೂಬ್ ಒಂದು ವರ್ಷ ಮುಂದಕ್ಕೆ ಹೋಯಿತು. ರೇಡಿಯೋದಲ್ಲಿ ನಿಜವಾಗಿಯೂ ಒಂದು ಹಾಡಿತ್ತು, ತೆಗೆಯುತ್ತಿದ್ದೇವೆ. ಅಕ್ಕಾ, ನಮ್ಮ ಚಿತ್ರದಲ್ಲಿ ನಟಿಸಿದ ಆರು ಹೆಂಗಸರೂ ಒಂದೇ ಸಂಘದವರು. ಅವರ ಸಭೆ ಬುಧವಾರ. ಸಂಘದ ಅಧ್ಯಕ್ಷರಿಗೆ ಇವತ್ತೇ ಫೋನ್ ಮಾಡಿದೆ. ಪ್ರೊಜೆಕ್ಟರ್ ತನ್ನಿ, ಚಹಾ ನಮ್ಮದು ಅಂದರು.