‘ಹಾಡು ತುಂಬಿಸು’ ಸರಿ, ‘ಸಿಂಕ್’ಗೆ ‘ತಾಳೆ’ ಆಗುತ್ತಾ?

ಐಪಾಡ್, ಝೂನ್, ಸೋನಿ ವಾಕ್‌ಮನ್ ಎಂಬ ಹಾಡು ಕೇಳುವ ಪ್ಲೇಯರ್‌ಗಳ ಪೈಪೋಟಿ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಿಂಕ್, ಅಂದರೆ ಕಂಪ್ಯೂಟರಿನಲ್ಲಿರುವ ಹಾಡುಗಳಂತೆಯೇ ಪ್ಲೇಯರ್‌ನಲ್ಲೂ ಇರುವಂತೆ ಮಾಡುವುದು. ಅದಕ್ಕೊಂದು ಕನ್ನಡ ಪದ ಸಿಗದೆ ಕೈ ನಿಂತಿದೆ.

ನಮ್ಮ ಗಂಗಾವತಿ, ಸಿಂಧನೂರು ಕಡೆ ಮೊಬೈಲ್ ಅಂಗಡಿಗೆ ಹೋದವರು ‘ಕಾರ್ಡಿಗೆ ಹಾಡು ತುಂಬಿಸ್ಕೊಡ್ರಿ’ ಅಂತಾರೆ. ಚೆಂದದ ಮಾತು. ಚೀಲಕ್ಕೆ ಭತ್ತ ತುಂಬಿದ ಹಾಗೆ, ಒಂದೇ ದಿಕ್ಕಿನ ಕೆಲಸ. ಸ್ಯಾನ್‌ಡಿಸ್ಕ್‌ನ ಸಾನ್ಸಾದಂಥ ಪ್ಲೇಯರ್‌ಗಳಿಗೆ ಇದೇ ಸಾಕಿತ್ತು. ಪೆನ್‌ಡ್ರೈವ್ ಥರ ಚುಚ್ಚಿ, ಫೋಲ್ಡರ್ ಎಳೆದು ಹಾಕಿದರೆ ಮುಗೀತು.

ಐಪಾಡ್ ಹಾಗಲ್ಲ. ಅದು 2001ರ ಅಕ್ಟೋಬರಿನಲ್ಲಿ ಬಂತು. 5 ಜಿಬಿ ಜಾಗ, ಆ್ಯಪಲ್‌ನದೇ ಮ್ಯಾಕ್ ಕಂಪ್ಯೂಟರಿಗೆ ಮಾತ್ರ. ಅದೇ ವರ್ಷ ಜನವರಿಯಲ್ಲಿ ಬಂದಿದ್ದ ಐಟ್ಯೂನ್ಸ್ ಎಂಬ ಹಾಡಿನ ತಂತ್ರಾಂಶ ಅದರ ಜೊತೆಗಾರ. ವೈರ್ ಚುಚ್ಚಿದ ಕೂಡಲೇ ಐಟ್ಯೂನ್ಸ್ ಎರಡೂ ಕಡೆಯ ಪಟ್ಟಿ ನೋಡುತ್ತಿತ್ತು. ಕಂಪ್ಯೂಟರಿನಲ್ಲಿ ಹೊಸದಾಗಿ ಸೇರಿದ ಹಾಡು ಐಪಾಡ್‌ಗೆ ಬರುತ್ತಿತ್ತು. ಕಂಪ್ಯೂಟರಿನಲ್ಲಿ ತೆಗೆದುಹಾಕಿದ್ದು ಐಪಾಡ್‌ನಿಂದಲೂ ಹೋಗುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ, ಯಾವ ಹಾಡು ಎಷ್ಟು ಸಲ ಕೇಳಿದಿರಿ ಎಂಬ ಲೆಕ್ಕ ಐಪಾಡ್‌ನಿಂದ ಕಂಪ್ಯೂಟರಿಗೆ ವಾಪಸ್ ಬರತೊಡಗಿತು. ಗೆಳೆಯರ ಕಂಪ್ಯೂಟರಿಗೆ ಚುಚ್ಚಿದರಂತೂ, ಇದ್ದದ್ದನ್ನೆಲ್ಲ ಅಳಿಸಿ ಸಿಂಕ್ ಮಾಡಲೇ ಎಂದು ಕೇಳುತ್ತಿತ್ತು. ಇದನ್ನು ‘ತುಂಬಿಸು’ ಅಂದರೆ ಅಳಿಸುವ ಅರ್ಧ ಬಿಟ್ಟೇಹೋಯಿತಲ್ವಾ?

ನನಗೆ ಹಿಡಿಸಿರುವ ಪದ ‘ತಾಳೆ’. ಇಲ್ಲಿನ ಅಕ್ಕಿ ಗಿರಣಿಗಳಲ್ಲಿ ದಿನಾ ಕಿವಿಗೆ ಬೀಳುವ ಮಾತು. ಗೇಟಿನ ಪುಸ್ತಕದಲ್ಲಿ ಬರೆದ ಚೀಲ, ಗೋದಾಮಿನಲ್ಲಿ ಎಣಿಸಿದ ಚೀಲ ಎರಡೂ ಒಂದೇ ಆದರೆ ‘ಲೆಕ್ಕ ತಾಳೆ ಆಯ್ತು’. ಇಲ್ಲದಿದ್ದರೆ ಗುಮಾಸ್ತರು ಊಟಕ್ಕೂ ಏಳೋದಿಲ್ಲ. ಒಂದೇ ತೊಡಕು ಏನೆಂದರೆ ‘ತಾಳೆ ನೋಡು’ ಅಂದರೆ ಪರೀಕ್ಷೆ ಅಷ್ಟೇ. ಸಿಂಕ್ ನೋಡಿ ಸುಮ್ನೆ ಇರಲ್ಲ, ಒಂದರಂತೆ ಇನ್ನೊಂದನ್ನು ಮಾಡಿಬಿಡುತ್ತದೆ. ಹಾಗಾಗಿ ‘ತಾಳೆ ಮಾಡು’ ಅಥವಾ ‘ತಾಳೆಗೆ ತರು’ ಅನ್ನಬೇಕೇನೋ.

ರಾಯಚೂರು ಕಡೆಯ ಗೆಳೆಯರು ‘ಮಿಲಾಯಿಸು’ ಅಂದರು. ಬಾಯಿಗೆ ಸಲೀಸು. ಆದರೆ ಅದರಲ್ಲಿ ಬೆರೆಸುವ ಅರ್ಥ ಜಾಸ್ತಿ. ಐಪಾಡ್ ಎರಡು ಸಂಗ್ರಹಗಳನ್ನು ಬೆರೆಸುತ್ತಿರಲಿಲ್ಲ, ಕಂಪ್ಯೂಟರಿನದ್ದೇ ಯಜಮಾನಿಕೆ. ‘ಹೊಂದಿಸು’ ಬೇಡ ಅನಿಸಿತು, ಸೆಟ್ಟಿಂಗ್‌ಗೂ ಅದನ್ನೇ ಬಳಸುತ್ತಿದ್ದೇವೆ.

ಇಷ್ಟು ಪಟ್ಟು ಯಾಕೆಂದರೆ ಪೈಪೋಟಿಯ ಜೀವಾಳ ಈ ಕೆಲಸದಲ್ಲೇ ಇತ್ತು. ಹಾಡು ಕೇಳುವ ಪೆಟ್ಟಿಗೆ ಎಲ್ಲರೂ ಮಾಡುತ್ತಿದ್ದರು. ಕ್ರಿಯೇಟಿವ್ ಕಂಪನಿಯ ಹಾರ್ಡ್‌ಡಿಸ್ಕ್ ಪ್ಲೇಯರ್ ಐಪಾಡ್‌ಗಿಂತ ಮೊದಲೇ, 2000ದಲ್ಲೇ ಬಂದಿತ್ತು. 2002ರಲ್ಲಿ ವಿಂಡೋಸ್‌ಗೆ ಐಪಾಡ್ ಬಂದಾಗ ಜೊತೆಗಿದ್ದದ್ದು ಮ್ಯೂಸಿಕ್‌ಮ್ಯಾಚ್ ಎಂಬ ಬೇರೆಯವರ ತಂತ್ರಾಂಶ. 2003ರ ಏಪ್ರಿಲ್‌ನಲ್ಲಿ ಆ್ಯಪಲ್‌ನ ಆನ್‌ಲೈನ್ ಹಾಡಿನ ಅಂಗಡಿ ತೆರೆಯಿತು, ಅಕ್ಟೋಬರಿನಲ್ಲಿ ವಿಂಡೋಸ್‌ಗೂ ಐಟ್ಯೂನ್ಸ್ ಬಂತು. ಪೆಟ್ಟಿಗೆ, ತಂತ್ರಾಂಶ, ಅಂಗಡಿ ಮೂರೂ ಒಂದೇ ಕೈಯಲ್ಲಿ. ಆ್ಯಪಲ್ ಗೆದ್ದಿದ್ದು ಅಲ್ಲಿ ಅಂತ ನನ್ನ ಎಣಿಕೆ.

ಸೋನಿಯ ತಂತ್ರಾಂಶ ಸೋನಿಕ್‌ಸ್ಟೇಜ್ ಇನ್ನೂ ಬಿಗಿಯಾಗಿತ್ತು. ಹಾಡನ್ನು ಪ್ಲೇಯರ್‌ಗೆ ‘ಚೆಕ್‌ಔಟ್’ ಮಾಡಬೇಕಿತ್ತು. ಹೀಗೆ ಎಷ್ಟು ಸಲ ಕೊಡಬಹುದೆಂಬ ಮಿತಿ ಮುಗಿದರೆ ಅದೇ ಕಂಪ್ಯೂಟರಿಗೆ ‘ಚೆಕ್‌ಇನ್’ ಮಾಡಿದ ಮೇಲೇ ಇನ್ನೊಂದಕ್ಕೆ. ಇದಕ್ಕೆ ‘ಎರವಲು’, ‘ಮರಳಿಸು’ ಎಂದು ಬರೆದಿದ್ದೇನೆ. ಇಲ್ಲಿ ನನಗೆ ಅನುಮಾನವಿಲ್ಲ. 2006ರ ನವೆಂಬರಿನಲ್ಲಿ ಬಂದ ಮೈಕ್ರೋಸಾಫ್ಟ್‌ನ ಝೂನ್‌ನಲ್ಲಿ ಒಬ್ಬರ ಹಾಡನ್ನು ಇನ್ನೊಬ್ಬರ ಝೂನ್‌ಗೆ ವೈಫೈ ಮೂಲಕ ಕಳಿಸಬಹುದಿತ್ತು. ಪಡೆದವರಿಗೆ ಮೂರು ಸಲ ಕೇಳುವುದು ಅಥವಾ ಮೂರು ದಿನ, ಯಾವುದು ಮೊದಲು ಮುಗಿಯುತ್ತೋ ಅಲ್ಲಿಯವರೆಗೆ ಮಾತ್ರ. ಅದನ್ನು ‘ಕೈಗಡ’ ಅಂದರೆ ಹೇಗೆ? ಕೈಗಡದಲ್ಲಿ ಹಿಂದಿರುಗಿಸುವ ಹೊಣೆ ಇರುತ್ತದೆ, ಝೂನ್‌ನಲ್ಲಿ ಗಡುವು ಮುಗಿದರೆ ಹಾಡು ತಾನೇ ನಿಲ್ಲುತ್ತಿತ್ತು. ಅಷ್ಟು ಸಡಿಲ ಮಾಡಬಹುದಾ?

ಬಳ್ಳಾರಿ, ಹೊಸಪೇಟೆ ಕಡೆಯವರು ಲೆಕ್ಕಕ್ಕೆ ‘ತಾಳೆ ಮಾಡು’ ಅಂತೀರಾ, ‘ತಾಳೆ ಹಾಕು’ ಅಂತೀರಾ? ನೋಡುವುದಕ್ಕೂ ಸರಿಮಾಡುವುದಕ್ಕೂ ಬೇರೆ ಬೇರೆ ಕ್ರಿಯಾಪದ ಬಳಕೆಯಲ್ಲಿದ್ದರೆ, ದಯವಿಟ್ಟು ಒಂದು ವಾಕ್ಯದಲ್ಲಿ ಇಟ್ಟು ಬರೆಯಿರಿ.