ಸಹಾಯ ಬೇಕು: ಗ್ರಂಥಾಲಯ ಪ್ರಾಧಿಕಾರದ ಸದಸ್ಯರು ಯಾರೆಂದು ತಿಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ನಾನು ಹೋಗುವ ಪೇಟೆಯ ಲೈಬ್ರರಿಯ ಮಾಡು ಸೋರುತ್ತದೆ, ಈ ಮಳೆಗಾಲದಲ್ಲಿ ಮಕ್ಕಳ ಪುಸ್ತಕದ ಒಂದು ಕಪಾಟು ಪೂರ್ತಿ ಬೂಸ್ಟು ಹಿಡಿದು ಹೋಯಿತು, ನೋಡಿ ಹೊಟ್ಟೆ ಉರಿಯಿತು. ಲೈಬ್ರರಿಯನ್ ತಪ್ಪಲ್ಲ ಪಾಪ, ಅವರೇ ಟಾರ್ಪಾಲು ತಂದು ಹೊದೆಸಿದ್ದಾರೆ.

ಕೇಳಿದರೆ ದುಡ್ಡಿಲ್ಲ ಎನ್ನುತ್ತಾರೆ. ಆದರೆ 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಇದೆ ಅಲ್ವಾ? ಹಳ್ಳಿಯ ಲೈಬ್ರರಿಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಹೋದವು, ಆದರೆ ನಮ್ಮದು ಪೇಟೆಯದ್ದು, ಇನ್ನೂ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರದ ಕೈಯಲ್ಲೇ ಇದೆ.

ಆ ಪ್ರಾಧಿಕಾರದಲ್ಲಿ ಈಗ ಯಾರ‍್ಯಾರಿದ್ದಾರೆ? ಸಭೆಯ ನಡಾವಳಿ ಸುಮ್ನೆ ಕೇಳಿದರೆ ಕೊಡುತ್ತಾರಾ, ಇಲ್ಲ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಬೇಕಾ? ಶಿವಮೊಗ್ಗದಲ್ಲಿ ಹೀಗೆ ಅರ್ಜಿ ಕೊಟ್ಟವರಿದ್ದರೆ ದಯವಿಟ್ಟು ಹೇಳಿ.